ನೀರೂ ಮುಟ್ಟದೆ ಮನೆ ನೋಡಿದವರು

ಅವರ ಹದಿಮೂರನೆಯ ದಿನದ ಊಟಕ್ಕೆ ಹೋದವರೆಲ್ಲ ಬಾಳೆಲೆಯ ಮುಂದೆ ಕುಳಿತು ತಲೆಯ ಮೇಲಿನ ಹೆಂಚಿನ ಮಾಡನ್ನೇ ನೋಡುತ್ತಿದ್ದೆವು. ಸಿದ್ದಾಪುರದ ಪೇಟೆಯಂಚಿನಲ್ಲಿದ್ದ ಅವರ ಮನೆಯ ಒಳಜಗಲಿಯಲ್ಲಿ ಪಂಕ್ತಿ ಹಾಕಿದ್ದರು. ಮಾಡು ನಡುವಿನಲ್ಲಿ ಜಗ್ಗಿ ಹೊಟ್ಟೆ ಬಿಟ್ಟಿತ್ತು. ಅದಕ್ಕೆ ಆಸರೆಯಾಗಿ ನಿಲ್ಲಿಸಿದ ಕಂಬ ಸರಿಯಾಗಿ ಪಂಕ್ತಿಯ ಮಧ್ಯೆ ಬಂದಿದ್ದರಿಂದ ಪಾಯಸ ಬಡಿಸುವವರು ಪ್ರತಿ ಸಲ ಅದಕ್ಕೆ ಅರ್ಧ ಪ್ರದಕ್ಷಿಣೆ ಹಾಕಿ ಮುಂದೆ ಹೋಗಬೇಕಿತ್ತು. ಕಿಟಕಿಯ ಬಾಗಿಲೊಂದನ್ನು ತಂತಿಯಲ್ಲಿ ಕಟ್ಟಿ ಹಾಕಿದ್ದರು. ನನ್ನ ಪಕ್ಕದ ಎಲೆಯಲ್ಲಿ ಕುಳಿತಿದ್ದವರು, ಹಿಂದೊಮ್ಮೆ ತೀರಿಕೊಂಡವರ ಮಾತು ಕೇಳಿ ಒಂದು ಮನೆ ಕೊಳ್ಳುವುದನ್ನು ಬಿಟ್ಟವರು, ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು.

"ಅಲ್ದಾ, ಊರೋರ ಮನೆಯೆಲ್ಲ ನೋಡಿದ್ದ. ಇದನ್ನ ನೋಡಿದ್ವಿಲ್ಯಾ?"

"ಎಲೆ ಮುಂದೆ ಕುಂತಾತು. ಇನ್ನು ಹೇಳಲೆ ಬತ್ತಿಲ್ಲೆ," ಎಂದೆ.

ಅವರಿಗೆ ನಗು ಬಂದು ಸಾರು ನೆತ್ತಿಗೇರಿತು. ಸಾವಿನ ಮನೆಯಲ್ಲಿ ಹೀಗೆ ನಗಬಾರದು, ನಿಜ. ಆದರೆ ಸತ್ತವರೇ ಅಲ್ಲಿದ್ದಿದ್ದರೆ ಆ ಮಾತಿಗೆ ತಲೆದೂಗುತ್ತಿದ್ದರು. ಏಕೆಂದರೆ ಅದು ಅವರದೇ ಕಾನೂನು.

ಅವರು ಸರ್ಕಾರಿ ಕೆಲಸದಿಂದ ನಿವೃತ್ತರಾದ ಇಂಜಿನಿಯರು. ನಿವೃತ್ತಿಯ ನಂತರ ಹಳೇ ಮನೆ ಕೊಳ್ಳುವವರ ಪರವಾಗಿ ಆ ಮನೆಯನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ ವರದಿ ಕೊಡುವುದನ್ನು ಶುರು ಮಾಡಿದರು. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅಂಥದ್ದೊಂದು ಕೆಲಸ ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಹಳೇ ಮನೆ ಕೊಳ್ಳುವವರು ವಕೀಲರಿಗೆ ಕಾಗದ ತೋರಿಸುತ್ತಾರೆ, ಜೋಯಿಸರಿಗೆ ದಿಕ್ಕು ತೋರಿಸುತ್ತಾರೆ, ಅಕ್ಕಪಕ್ಕದವರ ಗುಣ ವಿಚಾರಿಸುತ್ತಾರೆ. ಮನೆಯನ್ನು ಮಾತ್ರ ನೋಡುವುದಿಲ್ಲ. ನೋಡಲು ಹೋಗುತ್ತಾರೆ, ಅದು ಬೇರೆ. ಹೋದವರನ್ನು ಮನೆಯವರು ಜಗಲಿಯಲ್ಲಿ ಕೂರಿಸಿ "ಆಸರಿಗೆ ಎಂತ ಅಡ್ಡಿಲ್ಲೆ?" ಎಂದು ಕೇಳುತ್ತಾರೆ. ದಣಿದು ಬಂದವರಿಗೆ ಮೊದಲು ಕೊಡುವ ನೀರು ಬೆಲ್ಲ, ಮಜ್ಜಿಗೆ, ಚಹಾ, ಎಲ್ಲಕ್ಕೂ ಆಸರಿಗೆ ಎಂದೇ ಹೆಸರು. ಅದು ಗಂಟಲಿಗಿಳಿದ ಮೇಲೆ ಅವರ ಗೋಡೆ ಬಿರುಕು ಬಿಟ್ಟಿದೆ ಎಂದು ಹೇಳಲು ನಾಲಿಗೆ ಹೇಗೆ ಏಳಬೇಕು? ಎಲೆಯಡಿಕೆಯ ಕವಳ ಹಾಕಿಕೊಂಡು, "ಮನೆ ಅಡ್ಡಿಲ್ಲೆ" ಎಂದು ಹೇಳಿ ಬಂದು ಮುಂಗಡ ಕೊಡುತ್ತಾರೆ.

ಈ ಮಾತು ನಾನು ತಮಾಷೆಗೆ ಹೇಳುತ್ತಿಲ್ಲ. ಅವರೇ ಹಾಗೆ ಮಾಡಿ ಕೆಟ್ಟವರು. ಈ ಕೆಲಸದ ಆರಂಭದ ದಿನಗಳಲ್ಲಿ ಅರಬೈಲ್ ಕಡೆಯ ಒಂದು ಮನೆ ನೋಡಲು ಹೋಗಿದ್ದರಂತೆ. ಕೊಳ್ಳುವವನು ಅವರ ಸ್ವಂತ ಅತ್ತೆಯ ಮಗ. ಮಾರುವವರು ಹೋಳಿಗೆ ಊಟ ಹಾಕಿದರು. ಊಟಕ್ಕೆ ಮೊದಲೇ ಇವರು ಗೋಡೆಯ ಮೇಲಿನ ಅಡ್ಡಮರ ಕೊಳೆತು ಲಡ್ಡಾಗಿರುವುದನ್ನು ಕಂಡಿದ್ದರು. ಊಟದ ನಂತರ ಬರೆಯಲು ಕುಳಿತರೆ ಪೆನ್ನು ಓಡಲಿಲ್ಲ. "ಅಡ್ಡಮರ: ವಯಸ್ಸಿಗೆ ತಕ್ಕ ಸ್ಥಿತಿಯಲ್ಲಿದೆ" ಎಂದು ಬರೆದರು. ಗೃಹಪ್ರವೇಶದ ದಿನ ಎಲ್ಲರೂ ಅಂಗಳದಲ್ಲಿ ಫೋಟೋಕ್ಕೆ ನಿಂತಿದ್ದಾಗ ಅಡಿಗೆಮನೆಯ ಅರ್ಧ ಮಾಡು ಮೆಲ್ಲಗೆ ಕುಸಿದು ಪಾಯಸದ ಕೊಪ್ಪರಿಗೆಯಲ್ಲಿ ಕುಳಿತುಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ಅತ್ತೆಯ ಮಗ ಮಾತು ಬಿಟ್ಟ, ಅಷ್ಟೆ.

"ಆ ಹೋಳಿಗೆ ಯನ್ನ ಬಾಯಿ ಕಟ್ಟಿ ಹಾಕ್ತು, ತಮಾ," ಎನ್ನುತ್ತಿದ್ದರು. ಆ ಮಾತು ಹೇಳುವಾಗ ಮಾತ್ರ ಅವರ ದನಿಯಲ್ಲಿ ಗತ್ತು ಇರುತ್ತಿರಲಿಲ್ಲ.

ಅಂದಿನಿಂದ ನೋಡಲು ಹೋದ ಮನೆಯಲ್ಲಿ ಅವರು ಹನಿ ನೀರು ಮುಟ್ಟಲಿಲ್ಲ. ಹೆಗಲಿಗೊಂದು ಫ್ಲಾಸ್ಕು, ಚೀಲದಲ್ಲಿ ಅವಲಕ್ಕಿಯ ಡಬ್ಬಿ. ವರದಿ ಕೈಗೆ ಕೊಡುವ ತನಕ ಆ ಮನೆಯವರ ಯಾವ ವಸ್ತುವೂ ಅವರ ಬಾಯಿಗೆ ಹೋಗುವಂತಿಲ್ಲ. ಹೇಳುವುದು ಸುಲಭ. ನಮ್ಮೂರಲ್ಲಿ ಮನೆಗೆ ಬಂದು ಆಸರಿಗೆ ಬೇಡ ಎನ್ನುವವರೆಂದರೆ ಒಂದೋ ದಾಯಾದಿಗಳು, ಇಲ್ಲವೇ ಕೋರ್ಟಿನವರು. ಇವರು ಗೇಟು ದಾಟಿ "ಯಂಗೆ ಎಂತೂ ಬೇಡ" ಎಂದ ಕೂಡಲೇ ಹೆಂಗಸರ ಮುಖ ಬಾಡುತ್ತಿತ್ತು, ಗಂಡಸರು ಜಗಳಕ್ಕೆ ಅಣಿಯಾಗುತ್ತಿದ್ದರು.

ಯಲ್ಲಾಪುರದಲ್ಲಿ ಹೆದ್ದಾರಿಯ ಮಗ್ಗುಲಿಗೆ ಮರದ ವ್ಯಾಪಾರಿಯೊಬ್ಬರ ಮನೆ ಮಾರಾಟಕ್ಕಿತ್ತು. ಅವರು ಹುಬ್ಬಳ್ಳಿ ಕಡೆಯಿಂದ ಬಂದು ನೆಲೆಸಿದವರು, ದೊಡ್ಡ ಮನಸ್ಸಿನವರು. ಇವರು ಮಧ್ಯಾಹ್ನ ಒಳಗಿನ ಕೆಲಸ ನಿಲ್ಲಿಸಿ ಹೆದ್ದಾರಿ ದಾಟಿ ಎದುರಿನ ಮೋರಿಯ ಕಟ್ಟೆಯ ಮೇಲೆ ಕುಳಿತು ಅವಲಕ್ಕಿ ಬಿಚ್ಚಿದರು. ಮನೆಯ ಯಜಮಾನರಿಗೆ ತಡೆಯಲಾಗಲಿಲ್ಲ. ಚಹಾದ ಕಪ್ಪು ಹಿಡಿದು ಲಾರಿಗಳ ನಡುವೆ ದಾರಿ ಮಾಡಿಕೊಂಡು ಇತ್ತ ಬಂದರು.

"ಅಲ್ರೀ ಸಾಹೇಬ್ರ, ನಮ್ಮನಿ ಚಾದಾಗ ಏನರ ವಿಷ ಹಾಕೇವೇನ್ರೀ? ಕುಡೀರಿ. ಇದು ರಸ್ತೆ ಐತಿ, ನಮ್ಮನಿ ಅಲ್ಲ."

"ರಸ್ತೆ ನಿಮ್ಮದಲ್ಲ. ಚಹಾ ನಿಮ್ಮ ಅಡಿಗೆಮನೆಯದು," ಎಂದರು ಇವರು.

ಲಾರಿಯೊಂದು ನಿಂತಿತು. ಹಿಂದೆ ಇನ್ನೊಂದು ನಿಂತಿತು. ಡ್ರೈವರುಗಳು ಇಳಿದು ಬಂದು ಅಪಘಾತ ಯಾರಿಗಾಯಿತು ಎಂದು ವಿಚಾರಿಸಿದರು. ಒಬ್ಬ ರಾಜಿ ಮಾಡಿಸಲೂ ನೋಡಿದ. ಕೊನೆಗೆ ಚಹಾ ಆ ಡ್ರೈವರನ ಪಾಲಾಯಿತು, ಅವನು ಕುಡಿದು "ಚೊಲೋ ಐತಿ" ಎಂದು ಹೇಳಿ ಹೊರಟ. ಇವರು ಒಳಗೆ ಹೋಗಿ, ಸಾಗವಾನಿ ಎಂದು ಎಲ್ಲರೂ ನಂಬಿದ್ದ ನಡುಮನೆಯ ಕಂಬ ಬಣ್ಣ ಬಳಿದ ಹಲಸು ಎಂದು ಬರೆದರು. ಮರದ ವ್ಯಾಪಾರಿಯ ಮನೆಯಲ್ಲೇ ಹೀಗಾದರೆ ಅವರಾದರೂ ಏನು ಮಾಡಬೇಕು. ಆಮೇಲೆ ಅವರು ಯಾರಿಗೂ ಆ ಮನೆ ಮಾರಲಿಲ್ಲ, ನಾಚಿಕೆಯಿಂದ ತಾವೇ ಇಟ್ಟುಕೊಂಡರು.

ನಿಲ್ಕುಂದದ ಕಡೆಯ ಮನೆಯೊಂದರಲ್ಲಿ ಇನ್ನೂ ದೊಡ್ಡ ತೊಡಕು ಬಂತು. ಬಾವಿಯ ನೀರು ಹೇಗಿದೆಯೆಂದು ವರದಿಯಲ್ಲಿ ಬರೆಯಬೇಕು. ಬರೆಯಬೇಕಾದರೆ ರುಚಿ ನೋಡಬೇಕು. ನೋಡಿದರೆ ಆ ಮನೆಯ ನೀರು ಕುಡಿದ ಹಾಗಾಯಿತು. ಮಾರುವ ಯಜಮಾನರಿಗೂ ಇವರ ಕಾನೂನು ಗೊತ್ತಿತ್ತು. ಅವರು ಕೊಡ ಎತ್ತಿಕೊಟ್ಟು ಕೈಕಟ್ಟಿ ನಿಂತರು. ಇವರು ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು, ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಬಹಳ ಹೊತ್ತು ಮುಕ್ಕಳಿಸಿ, ತೆಂಗಿನ ಬುಡಕ್ಕೆ ಉಗುಳಿದರು. ಆಮೇಲೆ ಎಲ್ಲರ ಎದುರು ಬಾಯಿ ಅಗಲಿಸಿ ತೋರಿಸಿದರು.

"ನುಂಗಿದ್ನಿಲ್ಲೆ. ನೋಡಿದ್ರಲ್ಲ ಎಲ್ಲ? ಒಂದು ಹನಿ ನುಂಗಿದ್ನಿಲ್ಲೆ."

"ಒಂಚೂರು ಹೋಗಿರ್ತು ಮಾರಾಯ್ರೆ, ಗಂಟ್ಲು ಅಲ್ಲಾಡಿದ್ದು ಆನು ನೋಡಿದ್ದೆ," ಎಂದರು ಯಜಮಾನರು.

ಅದರ ಮೇಲೆ ಬಿಸಿಬಿಸಿ ವಾದವಾಯಿತು. ಕೊನೆಗೆ ವರದಿಯಲ್ಲಿ ನೀರಿನ ಬಗ್ಗೆ ಬರೆಯುವುದನ್ನೇ ಬಿಟ್ಟರು. ಗಂಟಲು ಅಲ್ಲಾಡಿದ್ದು ನಿಜವಿರಬಹುದು ಎಂಬ ಸಂಶಯ ಅವರನ್ನು ಬಹಳ ದಿನ ಕಾಡಿತು ಎಂದು ಆಮೇಲೆ ಹೇಳಿದರು.

ಅವರು ಕೆಲಸ ಮಾಡುವುದನ್ನು ನೋಡುವುದು ನನಗಂತೂ ಯಕ್ಷಗಾನಕ್ಕಿಂತ ಹೆಚ್ಚಿನ ಮಜ. ಮನೆಯವರನ್ನೆಲ್ಲ ಸುಮ್ಮನಿರಿಸಿ ಕಂಬಕ್ಕೆ ಕಿವಿ ಹಚ್ಚಿ ಒರಲೆ ಹುಳ ತಿನ್ನುವ ಸದ್ದು ಕೇಳುತ್ತಿದ್ದರು. ನೆಲದ ಮೇಲೆ ಗೋಲಿ ಬಿಟ್ಟು ಅದರ ಹಿಂದೆ ಮಂಡಿಯೂರಿ ಹೋಗುತ್ತಿದ್ದರು. ಕಪಾಟಿನ ಒಳಗೆ ತಲೆ ಹಾಕಿ ಮೂಸುತ್ತಿದ್ದರು. ತೇವ ಅಳೆಯುವ ಯಂತ್ರ ಅವರ ಬಳಿಯೂ ಇತ್ತು, ಅದು ಹೇಳಿದ್ದನ್ನು ಅವರು ನಂಬುತ್ತಿರಲಿಲ್ಲ. ವರದಿಯ ಭಾಷೆಯೂ ಹಾಗೆಯೇ. "ಉತ್ತರದ ಕಿಟಕಿ: ತೆರೆಯುವುದಿಲ್ಲ. ತೆರೆದರೆ ಮುಚ್ಚುವುದಿಲ್ಲ." "ಮೆಟ್ಟಿಲು: ಹತ್ತಬಹುದು. ಇಳಿಯುವಾಗ ದೇವರ ನೆನೆಯುವುದು ಒಳಿತು." ಅವರ ಅತಿ ದೊಡ್ಡ ಹೊಗಳಿಕೆ "ಅಡ್ಡಿಲ್ಲೆ" ಎಂಬುದು. ಅದು ಸಿಗಬೇಕಾದರೆ ಮನೆ ಪುಣ್ಯ ಮಾಡಿರಬೇಕು.

ಅವರು ಹೇಳಿದ್ದೆಲ್ಲ ಸರಿಯಾಗುತ್ತಿತ್ತು ಎಂದು ಯಾರೂ ತಿಳಿಯಬೇಡಿ. ಸಿದ್ದಾಪುರ ರಸ್ತೆಯಲ್ಲಿ ಒಂದು ಮನೆ ಮುಂದಿನ ಮಳೆಗಾಲ ಕಾಣುವುದಿಲ್ಲ ಎಂದು ಬರೆದುಕೊಟ್ಟಿದ್ದರು. ಅದು ಈಗಲೂ ಗಟ್ಟಿಯಾಗಿ ನಿಂತಿದೆ, ಮೇಲೆ ಸೋಲಾರ್ ಬೇರೆ ಕೂರಿಸಿಕೊಂಡಿದೆ. ಬಸ್ಸಿನಲ್ಲಿ ಜೊತೆಗೆ ಹೋಗುವಾಗ ಆ ಮನೆ ಬಂದರೆ ಅವರು ಕಿಟಕಿಯಿಂದ ಅದನ್ನು ದುರುಗುಟ್ಟಿ ನೋಡುತ್ತಿದ್ದರು.

"ಇನ್ನೂ ನಿಂತಿದ್ದು ನೋಡು, ಮರ್ಯಾದೆ ಇಲ್ದೆ," ಎನ್ನುತ್ತಿದ್ದರು.

ನನಗೆ ಅವರು ಗಂಟುಬಿದ್ದದ್ದು ನಮ್ಮ ಮನೆಯ ದೆಸೆಯಿಂದ. ನಾನು ಶಿರಸಿಯಲ್ಲಿ ಔಷಧಿ ಅಂಗಡಿ ಇಟ್ಟವನು. ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಇದ್ದೆವು. ಗೋಡೆಗೆ ಮೊಳೆ ಹೊಡೆಯಲೂ ಯಜಮಾನರ ಅಪ್ಪಣೆ ಕೇಳಿ ಕೇಳಿ ನನ್ನ ಹೆಂಡತಿ ರೋಸಿಹೋಗಿದ್ದಳು. ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಹಳೇ ಮನೆ ಮಾರಾಟಕ್ಕೆ ಬಂತು. ಮುಂದಿನ ಕೋಣೆಯಲ್ಲಿ ಹಿಂದೆ ಟೈಪಿಂಗ್ ಕ್ಲಾಸು ನಡೆಯುತ್ತಿತ್ತಂತೆ. ಮೇಜುಗಳ ಕಾಲು ಕುಟ್ಟಿ ಕುಟ್ಟಿ ನೆಲದಲ್ಲಿ ಸಾಲಾಗಿ ಗುಳಿ ಬಿದ್ದಿದ್ದವು. ಹೆಂಡತಿ ಒಂದು ಬೆಳಿಗ್ಗೆ ಹೋಗಿ ನೋಡಿ, ಬಿಸಿಲು ಬೀಳುವ ಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತು, ಮನೆಗೆ ಬಂದು ಸಾಮಾನು ಕಟ್ಟಲು ಶುರು ಮಾಡಿದಳು. ನಾನು ಹೆದರಿ ಇವರನ್ನು ಕರೆಸಿದೆ.

ಅವರು ಇಡೀ ದಿನ ನೋಡಿದರು. ವರದಿಯಲ್ಲಿ ಗೋಡೆ ಪಾಸು, ಹೆಂಚು ಪಾಸು, ಬಾಗಿಲುಗಳು ಪಾಸು, ಟೈಪಿಂಗ್ ಗುಳಿಗಳು "ಐತಿಹಾಸಿಕ". ನಡುಕೋಣೆಯ ಅಟ್ಟ ಹೊತ್ತ ತೊಲೆಯ ಮುಂದೆ ಮಾತ್ರ, "ಅಭಿಪ್ರಾಯ ಕಾಯ್ದಿರಿಸಿದೆ" ಎಂದು ಬರೆದಿದ್ದರು.

"ಹಂಗಂದ್ರೆ ತಗಳವ ಬೇಡದ?" ಎಂದು ಕೇಳಿದೆ.

"ತಗ. ತೊಲೆ ನಡುವಿಗೆ ಸಣ್ಣಕೆ ಬಾಗಿದ್ದು. ಹಳೇ ಬಾಗೋ, ಹೊಸಾ ಬಾಗೋ ಗೊತ್ತಾಗ್ತಿಲ್ಲೆ. ಒಂದು ಮಳೆಗಾಲ ಹೋಗ್ಲಿ, ನೋಡಿ ಹೇಳ್ತೆ."

ತೊಲೆಗೆ ಒಂದು ದಾರ ಕಟ್ಟಿ, ತುದಿಗೆ ಬೋಲ್ಟು ಇಳಿಬಿಟ್ಟು, ಬೋಲ್ಟು ನಿಂತ ಮಟ್ಟಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದರು. ತೊಲೆ ಇನ್ನಷ್ಟು ಬಾಗಿದರೆ ಬೋಲ್ಟು ಗೀಟಿಗಿಂತ ಕೆಳಗೆ ಬರಬೇಕು. ನಾವು ಮನೆ ಕೊಂಡು, ಹಾಲುಕ್ಕಿಸಿ, ಆ ಬೋಲ್ಟಿಗೆ ತಲೆ ತಗಲದ ಹಾಗೆ ಓಡಾಡಲು ಕಲಿತೆವು.

ಮಳೆಗಾಲ ಹೋಯಿತು. ಅವರು ಬಂದರು, ಗೀಟು ನೋಡಿದರು, ಗೋಲಿ ಬಿಟ್ಟರು, "ಇನ್ನೊಂದು ಮಳೆಗಾಲ ನೋಡನ" ಎಂದರು. ಮರುವರ್ಷವೂ ಅದೇ ಮಾತು. ಅದರ ಮರುವರ್ಷವೂ ಅದೇ. ನವರಾತ್ರಿಯ ಹೊತ್ತಿಗೆ ಫ್ಲಾಸ್ಕು ಏರಿಸಿಕೊಂಡು ಅವರು ಓಣಿಯಲ್ಲಿ ಬರುವುದು ಹಬ್ಬದಷ್ಟೇ ಖಾಯಂ ಆಯಿತು. ವರದಿ ಪೂರ್ತಿಯಾಗಿಲ್ಲವಾದ್ದರಿಂದ ನಮ್ಮ ಮನೆಯಲ್ಲಿ ಅವರು ನೀರು ಮುಟ್ಟುವಂತಿಲ್ಲ.

ನನ್ನ ಹೆಂಡತಿಗೆ ತೊಲೆಯ ಚಿಂತೆ ಒಂದು ದಿನವೂ ಇರಲಿಲ್ಲ. ಅವಳಿಗೆ ಹತ್ತಿದ್ದು ನೀರಿನ ಚಿಂತೆ. ಬಾಡಿಗೆ ಮನೆಯಲ್ಲಿ ಬಂದವರಿಗೆಲ್ಲ ಹೊಟ್ಟೆ ತುಂಬ ಬಡಿಸಿದವಳು, ಸ್ವಂತ ಮನೆಯಾದ ಮೇಲೆ ವರ್ಷ ವರ್ಷ ಬರುವ ಹಿರಿಯರೊಬ್ಬರು ಬಾಯಾರಿದ ಬಾಯಲ್ಲೇ ಹೋಗುವುದನ್ನು ನೋಡಬೇಕಾಗಿತ್ತು. "ಅವು ಆಸರಿಗೆ ಕುಡಿವಲ್ಲಿವರೆಗೆ ಇದು ನಮ್ಮನೆ ಅಲ್ಲ" ಎಂದು ಒಮ್ಮೆ ಕಣ್ಣು ತುಂಬಿಕೊಂಡು ಹೇಳಿದಳು. ಆಗ ನನಗೆ ಅವರ ಮೇಲೆ ನಿಜವಾಗಿ ಸಿಟ್ಟು ಬಂತು.

ಅವಳು ಮಾಡದ ಉಪಾಯವಿಲ್ಲ. ಮುರುಗಲು ಹಣ್ಣಿನ ಪಾನಕ ಮಾಡಿ ಅವರ ಮೂಗಿನ ಕೆಳಗೇ ಹಾಯಿಸಿಕೊಂಡು ಹೋದಳು. ಅವರು ಆಳವಾಗಿ ಉಸಿರೆಳೆದು, "ವಾಸನೆಗೆ ಅಡ್ಡಿಲ್ಲೆ" ಎಂದು ತಮ್ಮ ಫ್ಲಾಸ್ಕಿನ ನೀರು ಕುಡಿದರು. ಕಬ್ಬಿನ ಹಾಲಿನ ಸಿಹಿ ತೊಡೆದೇವು ಮಾಡಿ ಮುಂದಿಟ್ಟರೆ ಅದರ ಪದರು ಎಷ್ಟು ತೆಳು ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಿ ಹಾಗೇ ತಟ್ಟೆಯಲ್ಲಿಟ್ಟರು. ಕೊನೆಗೆ ಸತ್ಯನಾರಾಯಣ ಕಥೆ ಇಟ್ಟು ಅವರನ್ನು ಕರೆದಳು. ಪ್ರಸಾದ ಬೇಡ ಎನ್ನಲು ಯಾರಿಗೂ ಬರುವುದಿಲ್ಲವಲ್ಲ. ಅವರು ಎರಡೂ ಕೈ ಒಡ್ಡಿ ಭಕ್ತಿಯಿಂದ ಪ್ರಸಾದ ತೆಗೆದುಕೊಂಡರು, ಕಣ್ಣಿಗೊತ್ತಿಕೊಂಡರು, ಎದ್ದು ಅಂಗಳ ದಾಟಿ ಗೇಟು ತೆಗೆದು ಓಣಿಯಲ್ಲಿ ನಿಂತು ತಿಂದರು. ಓಣಿ ನಗರಸಭೆಯದು, ಪ್ರಸಾದ ದೇವರದು, ನಮ್ಮ ಮನೆಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಅವರ ತೀರ್ಮಾನ. ಎದುರುಮನೆಯವರು, ಇವರನ್ನು ಪಂಕ್ತಿಯಿಂದ ಎಬ್ಬಿಸಿದರೋ ಎಂಬಂತೆ ನೋಡುತ್ತ ನಿಂತಿದ್ದರು.

ವಿಚಿತ್ರವೆಂದರೆ ಸಿದ್ದಾಪುರದ ಅವರ ಮನೆಗೆ ನಾವು ಹೋದರೆ, ಹೆಂಡತಿ ಕಟ್ಟಿಕೊಂಡು ಹೋದ ಅದೇ ತೊಡೆದೇವನ್ನು ಕೇಳಿ ಕೇಳಿ ತಿನ್ನುತ್ತಿದ್ದರು. "ತಂಗಿ ಕೈ ಗುಣ ಲಾಯ್ಕಿದ್ದು" ಎನ್ನುತ್ತಿದ್ದರು. ಅವಳಿಗೆ ಆ ಹೊಗಳಿಕೆಯಿಂದ ಇನ್ನಷ್ಟು ದುಃಖವಾಗುತ್ತಿತ್ತು.

ಕಳೆದ ನವರಾತ್ರಿಗೆ ಅವರು ರಿಕ್ಷಾದಲ್ಲಿ ಬಂದರು. ತೀರ ಇಳಿದುಹೋಗಿದ್ದರು. ಜಗಲಿಯ ಮೆಟ್ಟಿಲು ಹತ್ತಲು ನನ್ನ ಭುಜ ಹಿಡಿದರು. ಹೆಗಲಲ್ಲಿ ಫ್ಲಾಸ್ಕು ಇಲ್ಲದ್ದನ್ನು ನಾನು ಆಗಲೇ ಗಮನಿಸಿದೆ, ಮನೆಯಲ್ಲಿ ಮರೆತು ಬಂದಿರಬೇಕು ಎಂದುಕೊಂಡೆ. ನಡುಕೋಣೆಗೆ ಹೋಗಿ ತೊಲೆಯ ಕೆಳಗೆ ನಿಂತು ಬಹಳ ಹೊತ್ತು ಮೇಲೆ ನೋಡಿದರು. ಕನ್ನಡಕ ಜೇಬಿನಲ್ಲೇ ಇತ್ತು. ಅದಿಲ್ಲದೆ ಅವರಿಗೆ ತೊಲೆ ಕಂಡಿತೋ ಇಲ್ಲವೋ ನಾನು ಹೇಳಲಾರೆ. ಬೋಲ್ಟನ್ನು ಬೆರಳಿನಿಂದ ಒಮ್ಮೆ ತೂಗಿ ಬಿಟ್ಟರು. ಅದು ಅಲ್ಲಾಡುವುದು ನಿಲ್ಲುವ ತನಕವೂ ಕಾಯದೆ ಹೊರಗೆ ಬಂದು ಬಿಸಿಲಿಗೆ ಕುಳಿತರು.

"ತಂಗೀ, ಆಸರಿಗೆ ಎಂತಾದ್ರೂ ಇದ್ದನೇ?" ಎಂದು ಕೇಳಿದರು.

ನನ್ನ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. ಇಷ್ಟು ವರ್ಷ ಪಾನಕ, ತೊಡೆದೇವು ಎಂದು ಹೊಂಚು ಹಾಕಿದವಳ ಮನೆಯಲ್ಲಿ ಅವತ್ತು ಏನೂ ಮಾಡಿರಲಿಲ್ಲ. ಮಜ್ಜಿಗೆಗೆ ಉಪ್ಪು ಹಾಕಿ ತಂದು ಕೊಟ್ಟಳು. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲ ಮೆಲ್ಲಗೆ ಕೊನೆಯ ಹನಿಯವರೆಗೆ ಕುಡಿದರು. ಅವಳು ಒಳಗೆ ಓಡಿದಳು. ಅಳುವುದು ಜಗಲಿಗೆ ಕೇಳುತ್ತಿತ್ತು.

"ಹಂಗಾರೆ ತೊಲೆ?" ಎಂದೆ ನಾನು.

ಅವರು ಮೀಸೆ ಒರೆಸಿಕೊಂಡು ಲೋಟ ಕೆಳಗಿಟ್ಟರು.

"ಇನ್ನು ಆನು ಎಂತೂ ಹೇಳಲೆ ಬತ್ತಿಲ್ಲೆ, ತಮಾ," ಎಂದು ನಕ್ಕು ಕವಳದ ಬಟ್ಟಲಿಗೆ ಕೈ ಚಾಚಿದರು.

ಅದೇ ಕೊನೆ. ಅವರು ಹೋದ ರಿಕ್ಷಾ ಓಣಿ ತಿರುಗುವ ಮೊದಲೇ ನಮ್ಮಿಬ್ಬರಲ್ಲಿ ಜಗಳ ಶುರುವಾಯಿತು. ತೊಲೆ ಸರಿಯಿದೆ, ಅದಕ್ಕೇ ಕುಡಿದರು ಎಂದು ಅವಳು. ತೊಲೆ ಕೆಟ್ಟಿದೆ, ಹೇಳಲು ಮನಸ್ಸಾಗದೆ ಕುಡಿದು ಬಾಯಿ ಕಟ್ಟಿಕೊಂಡರು ಎಂದು ನಾನು. ಇನ್ನೊಬ್ಬ ಇಂಜಿನಿಯರನ್ನು ಕರೆಸಿದೆ. ಹುಡುಗ ಒಳ್ಳೆಯವನು, ಕೆಂಪು ಬೆಳಕು ಬಿಡುವ ಯಂತ್ರ ತಂದಿದ್ದ. ಚಪ್ಪಲಿ ಬಿಡುವ ಮೊದಲೇ "ಅಕ್ಕಾ, ಒಂದ್ಲೋಟ ಚಾ ಸಿಗ್ತದಾ?" ಎಂದು ಕೇಳಿ ಕುಡಿದ. ಆಮೇಲೆ ತೊಲೆ ಕಲ್ಲಿನ ಹಾಗಿದೆ ಎಂದು ಹೇಳಿ ಹೋದ. ನಾನು ಅವನ ಮಾತು ನಂಬಲಿಲ್ಲ. ಚಹಾ ಕುಡಿದವನ ಮಾತು ಹೇಗೆ ನಂಬುವುದು? ನನ್ನ ಮಂಚವನ್ನು ತೊಲೆಯ ನೇರದಿಂದ ಗೋಡೆಯ ಕಡೆಗೆ ಸರಿಸಿಕೊಂಡೆ.

ಹದಿಮೂರನೆಯ ದಿನದ ಊಟ ಮುಗಿದು ಎಲ್ಲರೂ ಕೈತೊಳೆದ ಮೇಲೆ ಅವರ ಹೆಂಡತಿಯ ಹತ್ತಿರ ಕುಳಿತೆವು. ನನ್ನ ಕಣ್ಣು ಮತ್ತೆ ಮತ್ತೆ ಆ ಜಗ್ಗಿದ ಮಾಡಿನ ಕಡೆ ಹೋಗುವುದನ್ನು ಆಕೆ ಕಂಡರು.

"ಈ ಮನೆ ಬಗ್ಗೆ ಇವು ಒಂದಿನವೂ ಎಂತ ಹೇಳಿದ್ವಿಲ್ಲೆ," ಎಂದರು. "ಕಂಬ ಕೊಡ್ಸಿದ್ದು ಆನೇಯ. ಕೇಳಿದ್ರೆ, ದಿನಾ ಉಂಬ ಮನೆ ಬಗ್ಗೆ ಹ್ಯಾಂಗೆ ಹೇಳದು, ಹೇಳ್ತಿದ್ದ."

ಆಮೇಲೆ ನನ್ನ ಹೆಂಡತಿಯ ಕೈ ಹಿಡಿದುಕೊಂಡರು.

"ನಿಮ್ಮನೆಗೆ ಹೋದ ದಿನ ಫ್ಲಾಸ್ಕು ತುಂಬ್ಸಿ ಕೊಟ್ಟಿದ್ದೆ. ಇವತ್ತು ಬೇಡ ಹೇಳಿ ಇಲ್ಲೇ ಇಟ್ಟಿಕ್ಕಿ ಹೋದ."

ಅವರು ತೊಲೆಯನ್ನು ನೋಡುವ ಮೊದಲೇ, ಮನೆಯಿಂದ ಹೊರಡುವಾಗಲೇ, ನಮ್ಮಲ್ಲಿ ಕುಡಿಯಬೇಕು ಎಂದು ನಿಶ್ಚಯಿಸಿಕೊಂಡೇ ಹೊರಟಿದ್ದರು. ತೊಲೆ ಸರಿಯಿತ್ತೋ ಇಲ್ಲವೋ, ಆ ಮಜ್ಜಿಗೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ನಾವು ಇಷ್ಟು ದಿನ ಆಡಿದ ಜಗಳವೆಲ್ಲ ದಂಡ. ಸಿದ್ದಾಪುರದಿಂದ ಬರುವಾಗ ಬಸ್ಸಿನಲ್ಲಿ, ಬೀಳದ ಆ ಮನೆ ಬಂತು. ಯಾರೂ ದುರುಗುಟ್ಟಿ ನೋಡುವವರಿಲ್ಲದೆ ಅದು ಸುಮ್ಮನೆ ನಿಂತಿತ್ತು. ನನಗೆ ಅಳು ಬಂತು.

ಮನೆಗೆ ಬಂದವಳೇ ಹೆಂಡತಿ ಒದ್ದೆ ಬಟ್ಟೆ ತಂದು ಗೋಡೆಯ ಮೇಲಿನ ಸೀಮೆಸುಣ್ಣದ ಗೀಟನ್ನು ಒರೆಸಿ ತೆಗೆದಳು. ದಾರ ಕತ್ತರಿಸಿ ಬೋಲ್ಟನ್ನು ದೇವರ ಗೂಡಿನಲ್ಲಿಟ್ಟಳು. ಆಮೇಲೆ ನನ್ನ ಮಂಚವನ್ನು ಎಳೆದು ಮತ್ತೆ ತೊಲೆಯ ಕೆಳಗೆ ತಂದು ನಿಲ್ಲಿಸಿದಳು.

"ಎಂತಾದ್ರೂ ಹೇಳದು ಇದ್ದಾ?" ಎಂದು ಕೇಳಿದಳು.

ನಾನು ತಲೆ ಎತ್ತಿ ತೊಲೆಯನ್ನು ನೋಡಿದೆ. ಬಾಗಿದ ಹಾಗೆಯೂ ಕಂಡಿತು, ಬಾಗದ ಹಾಗೆಯೂ ಕಂಡಿತು. ಏನೂ ಹೇಳಲಿಲ್ಲ. ನಾನೂ ದಿನಾ ಅದೇ ಮನೆಯಲ್ಲಿ ಉಣ್ಣುವವನು.